ಏಪ್ರಿಲ್ ರಜೆಗೆ ಐದು ಮಕ್ಕಳ ಜೊತೆ ಕಡಲಿಗೆ ಹೊರಟಿದ್ದೇವೆ, ಏನೇನು ನೋಡಿಕೊಳ್ಳಬೇಕು?

ತುಮಕೂರಿನ ಅಮ್ಮ

ಎಲ್ಲರಿಗೂ ನಮಸ್ಕಾರ. ಏಪ್ರಿಲ್ ರಜೆಗೆ ನಾವು ಮತ್ತು ನನ್ನ ನಾದಿನಿ ಮನೆಯವರು ಸೇರಿ ಉಡುಪಿ, ಮಲ್ಪೆ, ಮುರುಡೇಶ್ವರ ಕಡೆ ಹೊರಟಿದ್ದೇವೆ. ದೊಡ್ಡವರು ಆರು ಜನ, ಮಕ್ಕಳು ಐದು. ಎಲ್ಲರಿಗಿಂತ ದೊಡ್ಡವನಿಗೆ 11 ವರ್ಷ, ನನ್ನ ಚಿಕ್ಕವಳಿಗೆ 3.

ಕೇಳಲು ಕಾರಣ ಇದೆ. ಹೋದ ಡಿಸೆಂಬರ್‌ನಲ್ಲಿ ಇದೇ ಗುಂಪು ಕಡಲಿಗೆ ಹೋಗಿತ್ತು. ನನ್ನ ದೊಡ್ಡ ಮಗಳಿಗೆ 6 ವರ್ಷ. ಮೊಣಕಾಲುದ್ದದ ನೀರಿನಲ್ಲಿ ಅಣ್ಣಂದಿರ ಜೊತೆ ಕುಣಿಯುತ್ತಿದ್ದಳು. ನಾನು ಎಂಟು ಹತ್ತು ಹೆಜ್ಜೆ ಹಿಂದೆ ನಿಂತು ವಿಡಿಯೊ ಮಾಡುತ್ತಿದ್ದೆ. ಅಲೆ ವಾಪಸ್ ಹೋಗುವಾಗ ಅವಳ ಕಾಲಡಿಯ ಮರಳು ಜಾರಿತು, ಕೂತುಬಿಟ್ಟಳು. ಏಳುವಷ್ಟರಲ್ಲಿ ಇನ್ನೊಂದು ಅಲೆ ಬಂತು. ಪಕ್ಕದಲ್ಲಿದ್ದ ಯಾರೋ ಒಬ್ಬರು ತೋಳು ಹಿಡಿದು ಎತ್ತಿದರು. ಗಾಬರಿಯಲ್ಲಿ ಅವರ ಹೆಸರೂ ಕೇಳಲಿಲ್ಲ.

ಆ ವಿಡಿಯೊ ಇನ್ನೂ ನನ್ನ ಹತ್ತಿರ ಇದೆ. ಅದರಲ್ಲಿ 9 ಸೆಕೆಂಡು ಅವಳು ಕಾಣುವುದೇ ಇಲ್ಲ. ಕೂಗಲೂ ಇಲ್ಲ. ದಡದಲ್ಲಿದ್ದ ನಾವು ಆರು ಜನವೂ, ಬೇರೆ ಯಾರೋ ನೋಡುತ್ತಿದ್ದಾರೆ ಅಂದುಕೊಂಡಿದ್ದೆವು.

ಈ ಸಲ ಮಕ್ಕಳಿಗೆ ಆಸೆ ಜಾಸ್ತಿ, ನನಗೆ ಭಯ ಜಾಸ್ತಿ. ಹೋಗುವುದೇ ಬೇಡ ಅನ್ನಲು ಮನಸ್ಸಿಲ್ಲ. ಕಡಲ ಕಡೆಯವರು, ಮಕ್ಕಳಿರುವವರು ದಯವಿಟ್ಟು ತಿಳಿಸಿ. ಹಾಗೇ ಇನ್ನೊಂದು ಮಾತು. ಚಿಕ್ಕವಳನ್ನು ದಿನಾ ಸಂಜೆ ಅತ್ತೆ ನಮ್ಮ ಬಡಾವಣೆಯ ಪಾರ್ಕಿಗೆ ಕರೆದುಕೊಂಡು ಹೋಗುತ್ತಾರೆ. ಅಲ್ಲಿ ಏನು ಗಮನಿಸಬೇಕು?

ಕಡಲಮಗಳು

ಅಕ್ಕ, ಓದಿ ಮೈ ಜುಮ್ಮೆಂದಿತು. ಮಗಳು ಉಳಿದಳಲ್ಲ, ಅಷ್ಟು ಸಾಕು. ನಮ್ಮದು ಕೋಡಿ ಬೆಂಗ್ರೆ ಹತ್ತಿರ. ಅಪ್ಪ, ದೊಡ್ಡಪ್ಪ ಎಲ್ಲರೂ ನಾಡದೋಣಿಯಲ್ಲಿ ಮೀನಿಗೆ ಹೋದವರು. ಮನೆಯಲ್ಲಿ ಕೇಳಿ ಬೆಳೆದದ್ದನ್ನು ಬರೆಯುತ್ತೇನೆ.

ಮೊದಲು ಸೆಳೆತದ ವಿಷಯ. ಅಲೆಗಳು ದಡಕ್ಕೆ ತಂದು ಹಾಕಿದ ನೀರು ವಾಪಸ್ ಹೋಗಲೇಬೇಕಲ್ವಾ? ಅದು ದಡದ ಉದ್ದಕ್ಕೂ ಒಂದೇ ಸಮ ಹೋಗುವುದಿಲ್ಲ. ನೀರಿನಡಿಯ ಮರಳು ದಿಬ್ಬಗಳ ನಡುವೆ ತಗ್ಗು ಎಲ್ಲಿದೆಯೋ ಅಲ್ಲಿ ಸೇರಿಕೊಂಡು, ಹೊಳೆಯ ಹಾಗೆ ಒಳಕ್ಕೆ ಹರಿಯುತ್ತದೆ. ಹೊರಗಿನಿಂದ ಬಂದವರು ಮೋಸ ಹೋಗುವುದು ಇಲ್ಲೇ. ಎರಡೂ ಕಡೆ ಅಲೆ ಒಡೆದು ಬಿಳಿ ನೊರೆ ಏಳುತ್ತಿರುತ್ತದೆ. ನಡುವೆ ಒಂದು ಪಟ್ಟಿ ಮಾತ್ರ ತಣ್ಣಗೆ, ಸ್ವಲ್ಪ ಕಪ್ಪಾಗಿ ಕಾಣುತ್ತದೆ. "ಇಲ್ಲಿ ಅಲೆ ಇಲ್ಲ, ಮಕ್ಕಳಿಗೆ ಇದೇ ಒಳ್ಳೆಯದು" ಅಂತ ಅಲ್ಲೇ ಇಳಿಸುತ್ತಾರೆ. ಸೆಳೆತ ಇರುವುದು ಅಲ್ಲೇ.

ಅದಕ್ಕೆ ಇಳಿಯುವ ಮುಂಚೆ ಹತ್ತು ನಿಮಿಷ ದಡದಲ್ಲಿ ಸುಮ್ನೆ ಕೂತು ನೀರು ನೋಡಿ. ಸ್ವಲ್ಪ ಎತ್ತರದ ಜಾಗ ಸಿಕ್ಕರೆ ಇನ್ನೂ ಒಳ್ಳೆಯದು. ನೊರೆ, ಕಸ, ಕಲಕಿದ ಮರಳು ಒಂದು ಕಡೆ ದಡದಿಂದ ಒಳಗೆ ಹೋಗುತ್ತಿದ್ದರೆ ಆ ಕಡೆ ಹೋಗಬೇಡಿ. ಅಲ್ಲೇ ಬಲೆ ಬಿಡಿಸುತ್ತಾ ಕೂತವರನ್ನೂ ಕೇಳಿ. "ಇವತ್ತು ಎಲ್ಲಿ ಇಳಿಯಬಹುದು ಅಣ್ಣ?" ಅಂದರೆ ಯಾರೂ ಸುಳ್ಳು ಹೇಳುವುದಿಲ್ಲ. ನಿನ್ನೆ ಚೆನ್ನಾಗಿದ್ದ ಜಾಗ ಇವತ್ತು ಹಾಗೇ ಇರುತ್ತದೆ ಅಂತಲೂ ಇಲ್ಲ. ಮರಳು ಸರಿಯುತ್ತಲೇ ಇರುತ್ತದೆ.

ಸೆಳೆತ ಕೆಳಕ್ಕೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ. ನೇರ ದಡಕ್ಕೇ ಈಜಲು ಹೋಗಿ ಸುಸ್ತಾಗಿ ಮುಳುಗುವವರೇ ಜಾಸ್ತಿ. ಸಿಕ್ಕಿಕೊಂಡರೆ ಮಲಗಿ ತೇಲಬೇಕು, ಕೈ ಎತ್ತಿ ಕರೆಯಬೇಕು. ಈಜು ಬರುವವರು ದಡದ ಗುಂಟ ಪಕ್ಕಕ್ಕೆ ಸರಿದು, ಅಲೆ ಒಡೆಯುವ ಕಡೆಯಿಂದ ವಾಪಸ್ ಬರಬೇಕು. ಇದೆಲ್ಲ ದೊಡ್ಡವರಿಗೆ. 6 ವರ್ಷದ ಮಗುವಿಗೆ ಇದು ಆಗುವ ಕೆಲಸವಲ್ಲ. ಆ ಮಗುವಿಗೆ ನಿಮ್ಮ ಕೈ ಎಟುಕಬೇಕು, ಅಷ್ಟೇ. ಮಗು ನೀರಿನಲ್ಲಿದ್ದರೆ ನೀವೂ ನೀರಿನಲ್ಲಿ, ಅದೂ ಮಗುವಿಗಿಂತ ಕಡಲ ಕಡೆಗೆ ನಿಲ್ಲಬೇಕು. ಕಡಲಿಗೆ ಪೂರ್ತಿ ಬೆನ್ನು ಹಾಕಬೇಡಿ, ಮಗುವೂ ಅಲೆಯೂ ಎರಡೂ ಕಾಣುವ ಹಾಗೆ ಅಡ್ಡಕ್ಕೆ ನಿಲ್ಲಿ.

ಅಳಿವೆಯಲ್ಲಿ, ಅಂದರೆ ಹೊಳೆ ಕಡಲಿಗೆ ಸೇರುವ ಬಾಯಲ್ಲಿ, ಎಷ್ಟೇ ಚೆಂದ ಕಂಡರೂ ಇಳಿಯಬೇಡಿ. ಇಳಿತದ ಹೊತ್ತಿನಲ್ಲಿ ಹೊಳೆ ನೀರೂ ಭರತದ ನೀರೂ ಒಟ್ಟಿಗೆ ಹೊರಗೆ ನುಗ್ಗುತ್ತವೆ. ನಮ್ಮ ಮಕ್ಕಳನ್ನೂ ನಾವು ಅಲ್ಲಿ ಬಿಡುವುದಿಲ್ಲ. ಅಮಾವಾಸ್ಯೆ, ಹುಣ್ಣಿಮೆಯ ಆಚೀಚೆ ಏರಿಳಿತ ಜಾಸ್ತಿ. ಗಾಳಿಯೇ ಇಲ್ಲದ ದಿನ ದೊಡ್ಡ ಅಲೆ ಬರುವುದೂ ಉಂಟು. ದಕ್ಷಿಣದ ಸಾಗರದಲ್ಲಿ ಎಲ್ಲೋ ಎದ್ದ ಬಿರುಗಾಳಿಯ ಅಲೆ ಇಲ್ಲಿವರೆಗೂ ಬರುತ್ತದೆ. ಕೇರಳದವರು ಅದಕ್ಕೆ 'ಕಳ್ಳಕ್ಕಡಲ್' ಅನ್ನುತ್ತಾರೆ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಅದರ ಎಚ್ಚರಿಕೆ ಕೊಡುತ್ತದೆ. ಹೊರಡುವ ದಿನ ಒಮ್ಮೆ ನೋಡಿಕೊಳ್ಳಿ.

ಕುಂದಾಪ್ರ ಮಾಮ

ಮರವಂತೆ ಮೇಲೆ ಹೋಗುವವರಿದ್ದರೆ ಒಂದು ಮಾತು. ಅಲ್ಲಿ ಹೆದ್ದಾರಿಗೆ ಅಂಟಿಕೊಂಡೇ ಕಡಲು. ಗಾಡಿ ನಿಲ್ಲಿಸಿದ ಕೂಡಲೇ ಮಕ್ಕಳು ಓಡುತ್ತಾರೆ. ಒಂದು ಕಡೆ ಲಾರಿ, ಇನ್ನೊಂದು ಕಡೆ ತಡೆಗೋಡೆಗೆ ಹಾಕಿದ ಬಂಡೆ, ಪಾಚಿ. ದೊಡ್ಡವರು ಇಳಿದು ನಿಂತ ಮೇಲೆ ಮಕ್ಕಳ ಕಡೆಯ ಬಾಗಿಲು ತೆಗೆಯಿರಿ.

ಹೇಮಾವತಿ ದಂಡೆ

ಎಲ್ಲರೂ ಒಳ್ಳೆಯದನ್ನೇ ಹೇಳುತ್ತಿದ್ದೀರಿ. ಆದರೂ ಒಂದು ಮಾತು ಹೇಳಬೇಕು. ನಾವು ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತವರು. ಮರ ಹತ್ತಿದೆವು, ಬಿದ್ದೆವು, ಎದ್ದೆವು. ಈಗಿನ ಮಕ್ಕಳಿಗೆ "ಅಲ್ಲಿ ಹೋಗಬೇಡ, ಇದು ಮುಟ್ಟಬೇಡ" ಅನ್ನುವುದೇ ಆಗಿದೆ. ನನ್ನ ಮಗನಿಗೆ 9 ವರ್ಷ. ಪಾರ್ಕಿನಲ್ಲಿ ನಾಲ್ಕು ಅಡಿ ಏಣಿ ಹತ್ತಲೂ ನನ್ನ ಮುಖ ನೋಡುತ್ತಾನೆ. ಅದು ನೋಡಿ ನನಗೆ ಸಂಕಟ ಆಗುತ್ತದೆ. ಭಯವನ್ನೇ ಕಲಿಸಿಬಿಟ್ಟರೆ ಮಕ್ಕಳು ಆಡುವುದು ಯಾವಾಗ?

ತುರ್ತು ವಾರ್ಡ್ ನರ್ಸ್

ಹೇಮಾವತಿ ದಂಡೆ ಸರ್, ನಿಮ್ಮ ಮಾತು ಒಪ್ಪುತ್ತೇನೆ. ಮಕ್ಕಳು ಬೀಳಬೇಕು, ಮೊಣಕಾಲು ತರಚಿಕೊಳ್ಳಬೇಕು. ಅದು ವಾಸಿಯಾಗುತ್ತದೆ. ಆದರೆ ನೀರಿನ ವಿಷಯದಲ್ಲಿ ಎರಡನೇ ಅವಕಾಶ ಎಲ್ಲರಿಗೂ ಸಿಗುವುದಿಲ್ಲ. ಆ ಬಾವಿಯ ಕಟ್ಟೆಯ ಮೇಲೆ ನಿಮ್ಮ ಅಪ್ಪನೋ ಚಿಕ್ಕಪ್ಪನೋ ಹಗ್ಗ ಹಿಡಿದು ನಿಂತಿದ್ದರು, ಅಲ್ವಾ?

ತುಮಕೂರಿನ ಅಮ್ಮ, ಮಗಳು ಕೂಗಲಿಲ್ಲ ಅಂದಿರಿ. ಮುಳುಗುವ ಮಗು ಕೂಗುವುದಿಲ್ಲ. ಉಸಿರಾಡಲೇ ಆಗದಿರುವಾಗ ಕೂಗು ಎಲ್ಲಿಂದ ಬರಬೇಕು? ಕೈ ಬೀಸುವುದಿಲ್ಲ, ಎರಡೂ ಕೈಯಲ್ಲಿ ನೀರನ್ನು ಕೆಳಗೆ ಒತ್ತುತ್ತಿರುತ್ತದೆ. ತಲೆ ಹಿಂದಕ್ಕೆ ವಾಲಿ ಬಾಯಿ ನೀರಿನ ಮಟ್ಟದಲ್ಲಿ ಇರುತ್ತದೆ. ದೂರದಿಂದ ನೋಡಿದರೆ ಆಡುತ್ತಿದೆ ಅನ್ನಿಸುತ್ತದೆ. ಒಂದು ನಿಮಿಷದೊಳಗೆ ಮುಗಿದುಹೋಗಬಹುದು. ಗಲಾಟೆ ಮಾಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಸುಮ್ಮನಾದರೆ ತಕ್ಷಣ ಹತ್ತಿರ ಹೋಗಿ.

ಹೊರಗೆ ತೆಗೆದ ಮಗುವಿಗೆ ಪ್ರಜ್ಞೆ ಇಲ್ಲ, ಉಸಿರಿಲ್ಲ ಅಂದರೆ ಒಬ್ಬರು 108ಕ್ಕೋ 112ಕ್ಕೋ ಕರೆ ಮಾಡಲಿ. ಇನ್ನೊಬ್ಬರು ಆ ಕ್ಷಣವೇ ಶುರು ಮಾಡಲಿ. ನೀರಿಗೆ ಬಿದ್ದವರಿಗೆ ಮೊದಲು ಬೇಕಾದದ್ದು ಉಸಿರು. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಗಲ್ಲ ಸ್ವಲ್ಪ ಎತ್ತಿ, ಮೂಗು ಮುಚ್ಚಿ ಬಾಯಿಗೆ ಎರಡು ಸಲ ಊದಿ. ಎದೆ ಏಳುವುದು ಕಾಣಬೇಕು. ಆಮೇಲೆ ಎದೆಯ ನಡುವೆ 30 ಸಲ ಒತ್ತಬೇಕು, ಮತ್ತೆ ಎರಡು ಉಸಿರು. ಒತ್ತುವ ವೇಗ ನಿಮಿಷಕ್ಕೆ 100ರಿಂದ 120. ಎದೆಯ ದಪ್ಪದ ಮೂರನೇ ಒಂದು ಭಾಗ ಒಳಕ್ಕೆ ಹೋಗಬೇಕು. ಸಹಾಯ ಬರುವವರೆಗೂ ನಿಲ್ಲಿಸಬೇಡಿ. ಓದಿದರೆ ಇದು ಕೈಗೆ ಬರುವುದಿಲ್ಲ, ಎಲ್ಲಾದರೂ ಗೊಂಬೆಯ ಮೇಲೆ ಒಮ್ಮೆ ಕಲಿಯಿರಿ.

ಹೊಟ್ಟೆ ಒತ್ತಿ ನೀರು ತೆಗೆಯುವುದು, ಕಾಲು ಹಿಡಿದು ತಲೆಕೆಳಗೆ ಮಾಡುವುದು, ಹೆಗಲ ಮೇಲೆ ಹಾಕಿಕೊಂಡು ತಿರುಗಿಸುವುದು ಬೇಡವೇ ಬೇಡ. ಹೊಟ್ಟೆಯಲ್ಲಿದ್ದದ್ದು ಶ್ವಾಸನಾಳಕ್ಕೆ ಬರುತ್ತದೆ, ಇರುವ ಎರಡು ನಿಮಿಷವೂ ಹಾಳಾಗುತ್ತದೆ. ಉಪ್ಪಿನಲ್ಲಿ ಹೂತಿಟ್ಟರೆ ಬದುಕುತ್ತಾರೆ ಎಂಬ ಮೆಸೇಜ್ ಎಷ್ಟೋ ವರ್ಷದಿಂದ ಸುತ್ತುತ್ತಿದೆ. 2022ರಲ್ಲಿ ಬಳ್ಳಾರಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ನೀರಿನಲ್ಲಿ ಮುಳುಗಿದ ಹುಡುಗನನ್ನು ಮನೆಯವರು ಗಂಟೆಗಟ್ಟಲೆ ಉಪ್ಪಿನಲ್ಲಿ ಇಟ್ಟಿದ್ದರು. ಆ ತಂದೆತಾಯಿಯನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಆ ಮೆಸೇಜ್ ಬಂದರೆ ನಿಮ್ಮಲ್ಲೇ ನಿಲ್ಲಿಸಿ.

ಇನ್ನೊಂದು. ನೀರು ಕುಡಿದು ಎದ್ದ ಮಗು ಮೊದಲು ಚೆನ್ನಾಗಿಯೇ ಕಂಡು, ಆಮೇಲೆ ಕೆಮ್ಮು ನಿಲ್ಲದೆ, ಏದುಸಿರು ಬಿಡುತ್ತಾ, ಮಂಕಾದರೆ ರೂಮಿನಲ್ಲಿ ಮಲಗಿಸಬೇಡಿ. ನೇರ ಆಸ್ಪತ್ರೆಗೆ ಹೋಗಿ.

ತುಮಕೂರಿನ ಅಮ್ಮ

ಆ ಉಪ್ಪಿನ ಮೆಸೇಜ್ ನಮ್ಮ ಮನೆ ಗುಂಪಿನಲ್ಲೂ ಬಂದಿತ್ತು. ನಿಜ ಅಂತಲೇ ನಂಬಿದ್ದೆ. ಈಗಷ್ಟೇ ಅಲ್ಲಿ ನಿಮ್ಮ ಉತ್ತರ ಹಾಕಿದೆ. ತುಂಬಾ ಧನ್ಯವಾದ ಸಿಸ್ಟರ್.

ಪಾರ್ಕ್ ಪಕ್ಕದ ಮನೆ

ನಾನು ಸಿವಿಲ್ ಎಂಜಿನಿಯರ್, ಬೆಂಗಳೂರಿನಲ್ಲಿ ಇದ್ದೇನೆ. ಕಡಲಿನ ಬಗ್ಗೆ ಗೊತ್ತಿಲ್ಲ, ಪಾರ್ಕಿನ ಬಗ್ಗೆ ಹೇಳುತ್ತೇನೆ. ಮೂರು ವರ್ಷದಿಂದ ಪ್ರತಿ ತಿಂಗಳ ಮೊದಲ ಭಾನುವಾರ ನಾವು ನಾಲ್ಕು ಮನೆಯವರು ನಮ್ಮ ಪಾರ್ಕಿನ ಆಟದ ಸಾಮಾನು ಮುಟ್ಟಿ ನೋಡುತ್ತೇವೆ. ಒಂದು ಸ್ಪ್ಯಾನರ್, ಒಂದು ಟೇಪು, ಒಂದು ಪುಸ್ತಕ, ಅಷ್ಟೇ.

ಮೊದಲು ನೆಲ ನೋಡಿ. ಪಾರ್ಕಿನಲ್ಲಿ ಆಗುವ ಗಾಯಗಳಲ್ಲಿ ಜಾಸ್ತಿ ಬಿದ್ದು ಆಗುವಂಥವು. ಅದೇ ಎತ್ತರದಿಂದ ಮರಳಿಗೆ ಬಿದ್ದರೆ ಅಳು, ಕಾಂಕ್ರೀಟಿಗೋ ಪೇವರ್ ಕಲ್ಲಿಗೋ ಬಿದ್ದರೆ ತಲೆಗೆ ಪೆಟ್ಟು. ಜಾರುಬಂಡೆ, ಉಯ್ಯಾಲೆ, ಹತ್ತುವ ಏಣಿಗಳ ಕೆಳಗೆ ಸುಮಾರು ಒಂದು ಅಡಿ ಆಳ ಸಡಿಲ ಮರಳು ಬೇಕು, ಸುತ್ತಲೂ ಆರು ಅಡಿ. ಎಂ ಸ್ಯಾಂಡ್ ಹಾಕಿಸಬೇಡಿ, ಅದು ನೆಲದ ಹಾಗೆ ಗಟ್ಟಿಯಾಗಿ ಕೂರುತ್ತದೆ. ಹಾಕಿದ ಮರಳೂ ಮಕ್ಕಳ ಕಾಲಿಗೆ ಪಕ್ಕಕ್ಕೆ ಸರಿದು, ಉಯ್ಯಾಲೆಯ ಕೆಳಗೇ ಗುಂಡಿ ಬೀಳುತ್ತದೆ. ವಾರಕ್ಕೊಮ್ಮೆ ಕೆದಕಿ ಎಳೆಯಬೇಕು. ನಾಯಿ ಗಲೀಜು, ಗಾಜಿನ ಚೂರು ಆಗಲೇ ಸಿಗುತ್ತದೆ.

ಆಮೇಲೆ ಸಂದುಗಳು. ಒಂಬತ್ತು ಸೆಂಟಿಮೀಟರ್‌ಗಿಂತ ಜಾಸ್ತಿ, 23ಕ್ಕಿಂತ ಕಡಿಮೆ ಇರುವ ಸಂದು ಕೆಟ್ಟದ್ದು. ಚಿಕ್ಕ ಮಗುವಿನ ಕಾಲು, ಸೊಂಟ ಎಲ್ಲ ಅದರೊಳಗೆ ಜಾರುತ್ತದೆ, ತಲೆ ಮಾತ್ರ ಸಿಕ್ಕಿಕೊಳ್ಳುತ್ತದೆ. ಮಗು ಕೊರಳಿನಲ್ಲಿ ನೇತಾಡಿದ ಹಾಗೆ ಆಗುತ್ತದೆ. ಕೊರಳು ಅಂದೆನಲ್ಲ, ಅಲ್ಲಿ ತಾಯತದ ದಾರ, ಉದ್ದ ಸರ, ಟೋಪಿಯ ಲಾಡಿ, ದುಪಟ್ಟಾ ಇದ್ದರೆ ಜಾರುಬಂಡೆ ಹತ್ತುವ ಮುಂಚೆ ತೆಗೆಯಿರಿ. ದಾರ ಬೋಲ್ಟಿಗೆ ಸಿಕ್ಕಿಕೊಂಡರೆ ಮಗು ಜಾರುತ್ತದೆ, ದಾರ ಜಾರುವುದಿಲ್ಲ. ಸೈಕಲ್ ಹೆಲ್ಮೆಟ್ ಹಾಕಿಕೊಂಡು ಹತ್ತುವುದೂ ಇದೇ ಕಾರಣಕ್ಕೆ ಬೇಡ.

ನಿಮ್ಮ 3 ವರ್ಷದವಳ ಬಗ್ಗೆ ಒಂದು ವಿಷಯ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ದೊಡ್ಡವರು ಜಾರಬಾರದು. ಪ್ರೀತಿಯಿಂದಲೇ ಮಾಡುತ್ತಾರೆ, ನಾನೂ ಮಾಡಿದ್ದೆ. ಮಗುವಿನ ಶೂ ಪಕ್ಕದ ಅಂಚಿಗೆ ಸಿಕ್ಕಿಕೊಳ್ಳುತ್ತದೆ, ಹಿಂದಿನಿಂದ ನಮ್ಮ ಭಾರ ತಳ್ಳುತ್ತದೆ, ಮೊಣಕಾಲ ಕೆಳಗಿನ ಮೂಳೆ ಮುರಿಯುತ್ತದೆ. ಮಗು ಒಂಟಿಯಾಗಿ ಜಾರಿದರೆ ಈ ಅಪಾಯ ಇಲ್ಲ. ಒಂಟಿಯಾಗಿ ಆಗದಿದ್ದರೆ ಅದು ಆ ಮಗುವಿನ ಜಾರುಬಂಡೆ ಅಲ್ಲ, ಚಿಕ್ಕದು ಹುಡುಕಿ.

ಏಪ್ರಿಲ್ ಬಿಸಿಲಿಗೆ ತಗಡಿನ ಜಾರುಬಂಡೆ ದೋಸೆ ಹೆಂಚಿನ ಹಾಗೆ ಆಗಿರುತ್ತದೆ. ನಿಮ್ಮ ಕೈಯ ಹಿಂಬದಿ ಐದು ಸೆಕೆಂಡು ಇಟ್ಟು ನೋಡಿ. ಪ್ಲಾಸ್ಟಿಕ್ ಕೂಡ ಸುಡುತ್ತದೆ. ಮಳೆ ಬಂದ ಸಂಜೆ ಲೈಟು ಕಂಬಗಳ ಹತ್ತಿರ ಬಿಡಬೇಡಿ. ಕಂಬದ ಬುಡದ ಮುಚ್ಚಳ ತೆರೆದು ವೈರು ಹೊರಗೆ ಕಂಡರೆ ಅವತ್ತೇ ದೂರು ಕೊಡಿ.

ಗೇಟು, ಕಾಂಪೌಂಡು, ನಲ್ಲಿ ಕಟ್ಟೆ ಇವೂ ಆಟದ ಸಾಮಾನೇ. ಮಕ್ಕಳು ಬೇರೆ ಅಂತ ನೋಡುವುದಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಮಲ್ಲೇಶ್ವರದ ಒಂದು ಆಟದ ಮೈದಾನದಲ್ಲಿ ಕಬ್ಬಿಣದ ಗೇಟು ಬಿದ್ದು ಒಬ್ಬ ಹುಡುಗ ತೀರಿಕೊಂಡ. ಆಡಲು ಹೋದ ಮಗು ಗೇಟಿನಲ್ಲೇ ಹೋಯಿತು. ಅವತ್ತಿನಿಂದ ನಮ್ಮ ಪುಸ್ತಕದಲ್ಲಿ ಮೊದಲ ಸಾಲು ಗೇಟಿನದು.

ಮೊಮ್ಮಕ್ಕಳ ಅಜ್ಜಿ

ನಾನೂ ನಿಮ್ಮ ಅತ್ತೆಯ ಹಾಗೆ ಪಾರ್ಕಿಗೆ ಕರೆದುಕೊಂಡು ಹೋಗುವವಳು ಕಣಮ್ಮ. ನನಗೆ 64. ಮಂಡಿ ನೋವು. ಎರಡು ಮಕ್ಕಳು ಎರಡು ದಿಕ್ಕಿಗೆ ಓಡಿದರೆ ಹಿಡಿಯಲು ನನ್ನ ಕೈಲಿ ಆಗುವುದಿಲ್ಲ. ಇದನ್ನು ಸೊಸೆಗೆ ಹೇಳಲು ಒಂದು ವರ್ಷ ತೆಗೆದುಕೊಂಡೆ. ಹೇಳಿದರೆ ಮಕ್ಕಳನ್ನು ನನ್ನ ಜೊತೆ ಕಳಿಸುವುದಿಲ್ಲವೇನೋ ಅನ್ನುವ ದುಃಖ. ಹೇಳಿದ ಮೇಲೆ ಅವಳು ಬೈಯಲಿಲ್ಲ. ಈಗ ಒಂದು ದಿನ ಒಂದು ಮಗು. ಗೇಟಿನ ಹತ್ತಿರದ ಬೆಂಚಿನಲ್ಲೇ ಕೂರುತ್ತೇನೆ, ಹೊರಗೆ ಹೋಗಬೇಕಾದರೆ ನನ್ನನ್ನು ದಾಟಿಯೇ ಹೋಗಬೇಕು. ಉಯ್ಯಾಲೆ ಸುತ್ತ ಚಪ್ಪಲಿಯಿಂದ ಗೆರೆ ಎಳೆದಿದ್ದೇನೆ, ಬೇರೆಯವರು ತೂಗುವಾಗ ಆ ಗೆರೆ ದಾಟಬಾರದು. ನಿಮ್ಮ ಅತ್ತೆಯನ್ನೂ ಒಮ್ಮೆ ಮೆಲ್ಲಗೆ ಕೇಳಿ ನೋಡು. ಅವರಾಗಿ ಹೇಳುವುದಿಲ್ಲ.

ತುಮಕೂರಿನ ಅಮ್ಮ

ಅಮ್ಮಾ, ನಿಮ್ಮ ಮಾತು ಓದಿ ಕಣ್ಣು ತುಂಬಿ ಬಂತು. ನಾನು ಒಂದು ದಿನವೂ ಅತ್ತೆಯನ್ನು ಹೀಗೆ ಕೇಳಿಲ್ಲ. ಇವತ್ತು ಕೇಳುತ್ತೇನೆ.

ಹೈಸ್ಕೂಲ್ ಮೇಷ್ಟ್ರು

ನಾನು ಶಾಲಾ ಪ್ರವಾಸಕ್ಕೆ 40, 50 ಮಕ್ಕಳನ್ನು ಕರೆದುಕೊಂಡು ಹೋಗುವವನು. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಅಲೆಗೆ ಸಿಕ್ಕಿ ತೀರಿಕೊಂಡರು. ಆಮೇಲೆ ಆ ಬೀಚನ್ನು ಕೆಲವು ಕಾಲ ಮುಚ್ಚಿದ್ದರು. ಆ ವಾರ ನಮ್ಮ ಶಾಲೆಯಲ್ಲಿ ಯಾವ ಮೇಷ್ಟ್ರಿಗೂ ಪಾಠ ಮಾಡಲು ಆಗಲಿಲ್ಲ. ನಮ್ಮದೂ ಬಯಲುಸೀಮೆ ಶಾಲೆ. ನಮ್ಮ ಮಕ್ಕಳಲ್ಲಿ ಎಷ್ಟೋ ಜನ ಕಡಲನ್ನು ಮೊದಲ ಸಲ ನೋಡುವುದು ಆ ಪ್ರವಾಸದಲ್ಲೇ. ಬಸ್ ನಿಂತ ಕೂಡಲೇ ಅವರ ಕಾಲು ನೆಲದ ಮೇಲೆ ಇರುವುದಿಲ್ಲ.

ಈಗ ನಾವು ಮಾಡುವುದು ಇಷ್ಟು. ಬಸ್ಸಿನಲ್ಲೇ, ಇಳಿಯುವ ಮುಂಚೆ, ಎಲ್ಲ ಮಾತು ಮುಗಿಸುತ್ತೇವೆ. ಇಳಿದ ಮೇಲೆ ಯಾರ ಕಿವಿಗೂ ಏನೂ ಬೀಳುವುದಿಲ್ಲ. ಕಾಲು ತೋಯಿಸುವುದಕ್ಕೆ ಮಾತ್ರ ಅವಕಾಶ, ಅದೂ ಹತ್ತು ಹತ್ತು ಮಕ್ಕಳ ಗುಂಪಾಗಿ. ಪ್ರತಿ ಗುಂಪಿಗೆ ಒಬ್ಬರು. ಆ ಒಬ್ಬರ ಫೋನ್ ಇನ್ನೊಬ್ಬ ಮೇಷ್ಟ್ರ ಚೀಲದಲ್ಲಿ. ಫೋಟೊ ತೆಗೆಯಲು ಬೇರೆಯವರು. ಕಾಲು ಗಂಟೆಗೊಮ್ಮೆ ಆ ಕೆಲಸ ಇನ್ನೊಬ್ಬರಿಗೆ ಕೊಡುತ್ತೇವೆ. ಕೊಡುವಾಗ ಕೊರಳಿನ ಸೀಟಿಯನ್ನು ತೆಗೆದು ಅವರ ಕೈಗೆ ಕೊಟ್ಟು "ಈಗ ನಿಮ್ಮದು" ಅಂತ ಬಾಯಿಬಿಟ್ಟು ಹೇಳಬೇಕು. ಸೀಟಿ ಯಾರ ಕೊರಳಲ್ಲಿದೆಯೋ ಮಕ್ಕಳು ಅವರ ಹೊಣೆ. ನಿಮ್ಮ ಆರು ಜನರಿಗೂ ಇದನ್ನೇ ಹೇಳುತ್ತೇನೆ ತಾಯಿ. ಆರು ಜನ ಸುಮಾರಾಗಿ ನೋಡುವುದಕ್ಕಿಂತ ಇಬ್ಬರು ಪೂರ್ತಿ ನೋಡಲಿ, ಉಳಿದ ನಾಲ್ವರು ನೆಮ್ಮದಿಯಾಗಿ ಚುರುಮುರಿ ತಿನ್ನಲಿ.

ಸಿಡ್ನಿ ಕನ್ನಡಿಗ

ಮೇಷ್ಟ್ರ ಸೀಟಿ ಬಹಳ ಹಿಡಿಸಿತು. ಇಲ್ಲಿ ಬೀಚಿನಲ್ಲಿ ಕೆಂಪು ಹಳದಿ ಬಾವುಟ ಎರಡು ನೆಟ್ಟಿರುತ್ತಾರೆ. ಅವೆರಡರ ನಡುವೆ ಮಾತ್ರ ಈಜಬೇಕು, ಜೀವರಕ್ಷಕರು ನೋಡುವುದು ಅಲ್ಲೇ. ಪೂರ್ತಿ ಕೆಂಪು ಬಾವುಟ ಇದ್ದರೆ ನೀರಿಗೆ ಇಳಿಯುವಂತಿಲ್ಲ. ಬೇಸಿಗೆಯಲ್ಲಿ 5ರಿಂದ 13 ವರ್ಷದ ಮಕ್ಕಳಿಗೆ 'ನಿಪ್ಪರ್ಸ್' ಅಂತ ತರಬೇತಿ ನಡೆಯುತ್ತದೆ. ನನ್ನ ಮಗಳು ಮೂರು ವರ್ಷದಿಂದ ಹೋಗುತ್ತಿದ್ದಾಳೆ. ಹೋದ ಸಲ ಊರಿಗೆ ಬಂದಾಗ ಪಡುಬಿದ್ರಿಯಲ್ಲಿ ನಿಂತು "ಅಪ್ಪ, ಅಲ್ಲಿ ನೋಡು, ಆ ಕಪ್ಪು ಪಟ್ಟಿ" ಅಂದಳು. ನನಗೆ ಕಾಣಲೇ ಇಲ್ಲ, ಅವಳಿಗೆ ಕಂಡಿತು. ನಮ್ಮ ಕರಾವಳಿಯ ಮಕ್ಕಳಿಗೂ, ಪ್ರವಾಸ ಬರುವ ಮಕ್ಕಳಿಗೂ ಇಂಥದ್ದು ಶಾಲೆಯಲ್ಲೇ ಸಿಗಬೇಕು ಅಂತ ನನಗೆ ತುಂಬಾ ಆಸೆ.

ಬಟ್ಟೆಯ ಬಣ್ಣವೂ ನೋಡಿ. ನೀಲಿ, ಬಿಳಿ, ಬೂದು ಬಣ್ಣದ ಬಟ್ಟೆ ನೀರಿನಲ್ಲಿ ಕಾಣುವುದೇ ಇಲ್ಲ. ಕಿತ್ತಳೆ, ಕಣ್ಣಿಗೆ ಹೊಡೆಯುವ ಗುಲಾಬಿ ಹಾಕಿ. ಗಾಳಿ ತುಂಬಿದ ಟ್ಯೂಬು, ಬಾತುಕೋಳಿ ಕಡಲಿಗೆ ಬೇಡ. ದಡದಿಂದ ಗಾಳಿ ಬೀಸಿದರೆ ಮಗುವಿನ ಸಮೇತ ಒಳಗೆ ಹೋಗುತ್ತದೆ.

ಹೇಮಾವತಿ ದಂಡೆ

ಸಿಸ್ಟರ್, ನೀವು ಹೇಳಿದ್ದು ನಿಜ. ಬಾವಿ ಕಟ್ಟೆಯ ಮೇಲೆ ನಮ್ಮ ಸೋದರಮಾವ ನಿಂತಿರುತ್ತಿದ್ದರು. ಹಗ್ಗ ಅವರ ಕೈಗೆ ಸುತ್ತಿಕೊಂಡಿರುತ್ತಿತ್ತು. ನಾವು ಎಷ್ಟು ಹೊತ್ತು ಆಡಿದರೂ ಅವರು ಆ ಕಡೆ ಈ ಕಡೆ ತಿರುಗುತ್ತಿರಲಿಲ್ಲ. ಇಷ್ಟು ವರ್ಷ ನನಗೆ ಬಾವಿ ಮಾತ್ರ ನೆನಪಿತ್ತು, ಮಾವ ನೆನಪಾಗಿರಲಿಲ್ಲ.

ಮಗನನ್ನು ಬರುವ ತಿಂಗಳು ಈಜಿಗೆ ಸೇರಿಸುತ್ತೇನೆ. ಪಾರ್ಕಿನ ಏಣಿಯನ್ನು ಇವತ್ತೇ ಹತ್ತಿಸುತ್ತೇನೆ, ನಾನು ಕೆಳಗೆ ನಿಂತಿರುತ್ತೇನೆ.

ಕಡಲಮಗಳು

ಬಿಟ್ಟುಹೋದದ್ದು ಎರಡು ಮೂರು. ಮಕ್ಕಳು ಮರಳಿನಲ್ಲಿ ಗುಂಡಿ ತೋಡುತ್ತಾರೆ. ಅವರಲ್ಲಿ ಎಲ್ಲರಿಗಿಂತ ಗಿಡ್ಡ ಮಗುವಿನ ಮೊಣಕಾಲಿಗಿಂತ ಆಳ ಬೇಡ. ಒಣ ಮರಳು ಒಂದು ಕ್ಷಣದಲ್ಲಿ ಕುಸಿಯುತ್ತದೆ, ಒಳಗಿದ್ದವರು ಎದ್ದು ಬರಲು ಆಗುವುದಿಲ್ಲ. ಹೊರಡುವಾಗ ಗುಂಡಿ ಮುಚ್ಚಿ. ಬೋಟಿಗೆ ಹತ್ತುವುದಾದರೆ ಮಗುವಿನ ಅಳತೆಯ ಲೈಫ್ ಜಾಕೆಟ್ ಕೇಳಿ. ದೊಡ್ಡವರದ್ದು ಹಾಕಿದರೆ ನೀರಿನಲ್ಲಿ ಮಗು ಅದರಿಂದ ಜಾರಿಹೋಗುತ್ತದೆ. ಭುಜದ ಹತ್ತಿರ ಹಿಡಿದು ಮೇಲಕ್ಕೆ ಎತ್ತಿ ನೋಡಿ, ಕಿವಿಯವರೆಗೆ ಬಂದರೆ ಅದು ಬೇಡ.

ಯಾರಾದರೂ ಸೆಳೆತಕ್ಕೆ ಸಿಕ್ಕರೆ ಹಿಂದೆಯೇ ಹಾರಬೇಡಿ. ಒಬ್ಬರ ಜೊತೆ ಇನ್ನಿಬ್ಬರು ಹೋಗುವುದು ಹಾಗೆಯೇ. ತೇಲುವ ವಸ್ತು ಎಸೆಯಿರಿ. ಮುಚ್ಚಳ ಹಾಕಿದ ಖಾಲಿ ನೀರಿನ ಕ್ಯಾನ್ ಆದರೂ ಸಾಕು. ಜೀವರಕ್ಷಕರನ್ನು ಕರೆಯಿರಿ. ಕರಾವಳಿ ಕಾವಲು ಪೊಲೀಸರ ನಂಬರ್ 1093, ಕೋಸ್ಟ್ ಗಾರ್ಡ್ 1554. ಮಳೆಗಾಲದಲ್ಲಿ ಬರುವವರಿಗೆ ಕೈಮುಗಿದು ಹೇಳುತ್ತೇನೆ, ಇಳಿಯಬೇಡಿ. ಆಗ ಮಲ್ಪೆಯಲ್ಲಿ ದಡದ ಉದ್ದಕ್ಕೂ ಬಲೆ ಕಟ್ಟುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ಬೋಟುಗಳೇ ಕಡಲಿಗೆ ಹೋಗುವುದಿಲ್ಲ.

ತುಮಕೂರಿನ ಅಮ್ಮ

ಹೋಗಿ ಬಂದೆವು. ನಿನ್ನೆ ರಾತ್ರಿ ಮನೆ ಸೇರಿದೆವು, ಎಲ್ಲರೂ ಚೆನ್ನಾಗಿದ್ದಾರೆ.

ಮೊದಲ ದಿನ ಹೋದ ಕಡೆ ಕೆಂಪು ಬಾವುಟ ಇತ್ತು. ಐದು ಮಕ್ಕಳೂ ಅತ್ತರು. ನಾದಿನಿಯ ಗಂಡ "ಕಾಲಾದರೂ ತೋಯಿಸಲಿ ಬಿಡಿ" ಅಂದರು. ನಾನು ಒಪ್ಪಲಿಲ್ಲ. ಸ್ವಲ್ಪ ಬೇಜಾರಾಯಿತು, ಆದರೂ ಒಪ್ಪಲಿಲ್ಲ. ಮರಳಿನಲ್ಲಿ ಕೋಟೆ ಕಟ್ಟಿದರು, ಸಂಜೆ ಕೃಷ್ಣ ಮಠಕ್ಕೆ ಹೋದೆವು. ಮರುದಿನ ಬೆಳಿಗ್ಗೆ ಬಲೆ ಬಿಡಿಸುತ್ತಿದ್ದ ಒಬ್ಬ ಅಜ್ಜನನ್ನು ಕೇಳಿದೆ. "ಆ ತೆಂಗಿನ ಮರದ ಈಚೆ ಇಳಿಯಿರಿ, ಆಚೆ ಬೇಡ" ಅಂದರು. ಐದೂ ಮಕ್ಕಳಿಗೆ ಕಿತ್ತಳೆ ಬನಿಯನ್ ತಂದಿದ್ದೆ. ಸೀಟಿ ಎರಡು. ಮೊದಲು ನಾನು ಮತ್ತು ನಾದಿನಿ, ಆಮೇಲೆ ಗಂಡಸರು. ನಾದಿನಿಯ ಗಂಡನೇ ಸೀಟಿ ಕೊರಳಿಗೆ ಹಾಕಿಕೊಂಡ ಮೇಲೆ ಎಲ್ಲರಿಗಿಂತ ಜೋರಾಗಿ ಊದಿದರು. ದೊಡ್ಡ ಮಗಳು ಮೊದಲು ನೀರಿನ ಹತ್ತಿರವೇ ಬರಲಿಲ್ಲ. ಅರ್ಧ ಗಂಟೆ ನನ್ನ ಕೈ ಹಿಡಿದು ನಿಂತಿದ್ದಳು. ಕೊನೆಗೆ ಪಾದ ಮುಳುಗುವಷ್ಟು ಬಂದಳು. ನಾನು ಎಳೆಯಲಿಲ್ಲ. ಈ ಸಲ ವಿಡಿಯೊ ಇಲ್ಲ.

ಅತ್ತೆಯ ಜೊತೆ ಮಾತಾಡಿದೆ. ಅವರಿಗೂ ಮಂಡಿ ನೋವಂತೆ. ಇನ್ನು ಮೇಲೆ ಮಂಗಳವಾರ, ಶುಕ್ರವಾರ ಪಾರ್ಕಿಗೆ ನಾನು ಹೋಗುತ್ತೇನೆ. ಇವತ್ತು ಎದ್ದ ಕೂಡಲೇ ಹೋಗಿ ನೋಡಿದೆ. ಉಯ್ಯಾಲೆಯ ಸರಪಳಿ ಮೇಲೆ ಸೇರುವ ಕೊಂಡಿ ಸವೆದು ಅರ್ಧ ಆಗಿದೆ. ಯಾರಿಗೆ ಹೇಳಬೇಕು?

ಪಾರ್ಕ್ ಪಕ್ಕದ ಮನೆ

ಅರ್ಧ ಸವೆದಿದ್ದರೆ ದೂರು ಆಮೇಲೆ, ಮೊದಲು ಇವತ್ತೇ ಆ ಉಯ್ಯಾಲೆಯನ್ನು ಮೇಲಕ್ಕೆ ಸುತ್ತಿ ಹಗ್ಗದಿಂದ ಕಟ್ಟಿಬಿಡಿ, ಯಾವ ಮಗುವಿಗೂ ಎಟುಕದ ಹಾಗೆ. ಒಂದು ರಟ್ಟಿನ ಮೇಲೆ 'ಕೊಂಡಿ ಸವೆದಿದೆ, ಕೂರಬೇಡಿ' ಅಂತ ಬರೆದು ನೇತುಹಾಕಿ. ಕೊಂಡಿಯ ಫೋಟೊ ತೆಗೆಯಿರಿ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಹಿಡಿದು, ಅಳತೆ ಗೊತ್ತಾಗಲಿ. ಅದನ್ನು ಹಚ್ಚಿ ನಿಮ್ಮ ಪಾಲಿಕೆಗೆ ಬರಹದಲ್ಲಿ ದೂರು ಕೊಟ್ಟು, ತಾರೀಖಿನ ಸೀಲು ಹಾಕಿಸಿಕೊಳ್ಳಿ. ಫೋಟೊ ಇಲ್ಲೂ ಹಾಕಿ, ಅರ್ಜಿ ನಾನು ಬರೆದುಕೊಡುತ್ತೇನೆ.

ತುಮಕೂರಿನ ಅಮ್ಮ

ಕಟ್ಟಿ ಬಂದೆ. ಅತ್ತೆಯ ಹಳೆಯ ಸೀರೆಯಲ್ಲೇ ಕಟ್ಟಿದೆ, ಹಗ್ಗ ಸಿಗಲಿಲ್ಲ. ಫೋಟೊ ಹಾಕುತ್ತಿದ್ದೇನೆ.